ಸೋತವನ ಬೆಲೆ ಕಟ್ಟುವವರಾರು?

ಕೆಲವು ತಿಂಗಳ ಕೆಳಗೆ ಬ್ಯಾಡಗಿಯ ಕಡೆಯ ವೃದ್ಧ ರೈತರೊಬ್ಬರು ಹಾವೇರಿಯ ನಮ್ಮ ಕಚೇರಿಗೆ ಬಂದಿದ್ದರು. ಅವರ ನಾಲ್ಕು ಎಕರೆ ಹೊಲದ ಮೇಲೆ ಸಾಲದ ಡಿಕ್ರಿಯಾಗಿ ಜಪ್ತಿಯ ಹುಕುಮೂ ಹೊರಟಿತ್ತು. ತಡೆಯಾಜ್ಞೆಯನ್ನು ಕೇಳಲು ಬಂದಿರುವರೆಂದು ತಿಳಿದು ನಾವು ಕಾಗದಗಳನ್ನು ಬಿಚ್ಚತೊಡಗಿದೆವು. ಅವರು ಕೈಮುಗಿದು ಕೇಳಿಕೊಂಡದ್ದು ಬೇರೆಯೇ ಇತ್ತು: “ಹೊಲ ಹೋದ್ರ ಹೋಗ್ಲಿ ವಕೀಲ ಸಾಹೇಬ್ರ, ಊರಾಗ ಡಂಗುರ ಒಂದು ಸಾರಿಸಬ್ಯಾಡ್ರಿ.”

ನ್ಯಾಯಾಲಯದ ಪರಿಚಯವಿಲ್ಲದ ವಾಚಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕು. ಸ್ಥಿರಾಸ್ತಿಯನ್ನು ಜಪ್ತಿ ಮಾಡಿದಾಗಲೂ ಲಿಲಾವಿಗೆ ಹಚ್ಚಿದಾಗಲೂ ಆ ಸಂಗತಿಯನ್ನು ಸ್ಥಳದಲ್ಲಿ ಡಂಗುರದಿಂದಾಗಲಿ ರೂಢಿಯ ಬೇರೆ ರೀತಿಯಿಂದಾಗಲಿ ಸಾರಬೇಕೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶವು ವಿಧಿಸಿದೆ. ಇದರ ಉದ್ದೇಶವೇನೂ ಕೆಟ್ಟದ್ದಲ್ಲ. ಯಾರೂ ಗುಟ್ಟಾಗಿ ಹೊಲವನ್ನು ಹೊಡೆದುಕೊಳ್ಳದಿರಲಿ, ಹತ್ತು ಜನ ಬಂದು ಒಳ್ಳೆಯ ಬೆಲೆ ಕೂಗಲಿ ಎಂಬದೇ ಅದರ ತಾತ್ಪರ್ಯ. ಆದರೆ ಆ ಹಿರಿಯರ ಕಿವಿಗೆ ಡಂಗುರವು ಹೊಲದ ಬೆಲೆಯನ್ನು ಬಿಟ್ಟು ಅವರ ಬೆಲೆಯನ್ನೇ ಸಾರುವಂತೆ ಕೇಳಿಸುತ್ತಿತ್ತು. ಎರಡು ವರ್ಷ ಮಳೆ ಕೈಕೊಟ್ಟಿತ್ತು; ಮೂರನೆಯ ವರ್ಷ ಮೆಣಸಿನಕಾಯಿಯ ಧಾರಣೆ ಬಿದ್ದಿತ್ತು. ಇದನ್ನೆಲ್ಲ ಅವರೇ ನಮಗೆ ಲೆಕ್ಕ ಒಪ್ಪಿಸಿದಂತೆ ಹೇಳಿದರು. ಹೇಳಿದ ಮೇಲೂ ತಪ್ಪೆಲ್ಲ ತಮ್ಮದೇ ಎಂಬಂತೆ ತಲೆಯನ್ನು ಮೇಲೆತ್ತಲಿಲ್ಲ.

ವಾಚಕರೇ, ಸೋಲಿನಿಂದ ಆಗುವ ನಷ್ಟವು ಒಂದು. ಸೋತವನು ತನ್ನನ್ನು ತಾನು ಎಷ್ಟಕ್ಕೆ ಎಣಿಸಿಕೊಳ್ಳುವನೆಂಬದು ಇನ್ನೊಂದು. ಮೊದಲನೆಯದನ್ನು ಮಳೆ, ಮಾರುಕಟ್ಟೆ, ಪರೀಕ್ಷಕನ ಲೇಖನಿ ಇವು ಗೊತ್ತುಮಾಡುತ್ತವೆ. ಎರಡನೆಯದನ್ನು ಗೊತ್ತುಮಾಡುವವರು ಅವನ ಮನೆಯವರು, ಓಣಿಯವರು, ಕುಲದವರು, ಮಾಸ್ತರರು. ಹುಟ್ಟಿದಂದಿನಿಂದ ಅವನ ಕಿವಿಗೆ ಬಿದ್ದ ಮಾತುಗಳಿಂದಲೇ ಅವನು ಸೋತ ರಾತ್ರಿ ತನ್ನೊಡನೆ ಮಾತಾಡಿಕೊಳ್ಳುತ್ತಾನೆ. ಆ ಮಾತುಗಳನ್ನು ಒದಗಿಸುವದೇ ಸಂಸ್ಕೃತಿಯ ಕೆಲಸ. ಹಬ್ಬ, ಉಡಿಗೆ, ಜಾತ್ರೆಗಳನ್ನು ಸಂಸ್ಕೃತಿಯೆಂದು ಭಾಷಣಗಳಲ್ಲಿ ಕೊಂಡಾಡುವ ನಾವು ಇದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವದಿಲ್ಲ. ಹಾವೇರಿ, ರಾಣಿಬೆನ್ನೂರು, ಬ್ಯಾಡಗಿಗಳ ಸುಶಿಕ್ಷಿತರು ಈ ವಿಷಯದಲ್ಲಿ ಹೊಣೆಗೇಡಿಗಳಾಗಿರುವರೆಂಬದು ನಮ್ಮ ಆರೋಪ. ಆರೋಪಿಗಳ ಸಾಲಿನಲ್ಲಿ ನಾವೂ ನಿಂತಿದ್ದೇವೆ.

ಹತ್ತನೆಯ ತರಗತಿಯ ಫಲಿತಾಂಶದ ದಿನ ಈ ಮೂರು ಊರುಗಳ ಯಾವ ಓಣಿಯನ್ನಾದರೂ ಹೊಕ್ಕು ನೋಡಿರಿ. ಹುಡುಗನು ತನ್ನ ಅಂಕಗಳನ್ನು ತಾನು ಓದಿ ಮುಗಿಸುವ ಮೊದಲೇ ಅವು ಸೋದರಮಾವನ ಮೊಬೈಲನ್ನು ಮುಟ್ಟಿರುತ್ತವೆ. ಸಂಜೆಯ ಹೊತ್ತಿಗೆ ಪೇಟೆಯ ಕೂಡುದಾರಿಗಳಲ್ಲಿ ಮೊದಲ ಹತ್ತು ಮಂದಿಯ ಭಾವಚಿತ್ರಗಳುಳ್ಳ ಫ್ಲೆಕ್ಸುಗಳು ಎದ್ದು ನಿಲ್ಲುತ್ತವೆ. ಗೆದ್ದವರನ್ನು ಹೊಗಳುವದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಉಳಿದವರಿಗೆ ನಾವು ಕೊಡುವ ಹೆಸರನ್ನು ಗಮನಿಸಿರಿ. “ಗಣಿತದಲ್ಲಿ ನಪಾಸಾದನು” ಎಂಬ ಮಾತು ಎರಡು ದಿನಗಳಲ್ಲಿ “ಅವನು ನಪಾಸು” ಎಂದಾಗುತ್ತದೆ. ಒಂದು ವಿಷಯದಲ್ಲಿ ನಡೆದ ಒಂದು ಘಟನೆಯು ಒಬ್ಬ ಮನುಷ್ಯನ ಹೆಸರಾಗಿ ಅಂಟಿಕೊಳ್ಳುತ್ತದೆ. ನಾಲ್ವತ್ತು ವರ್ಷದ ಗೃಹಸ್ಥನನ್ನು, ಮಕ್ಕಳ ತಂದೆಯನ್ನು, “ಮೆಟ್ರಿಕ್ ನಪಾಸು” ಎಂದು ಮದುವೆಯ ಪಂಕ್ತಿಯಲ್ಲಿ ನಕ್ಕು ತೋರಿಸಿಕೊಡುವವರನ್ನು ನಾವು ಕಂಡಿದ್ದೇವೆ. ಇದೂ ಡಂಗುರವೇ, ಇದನ್ನು ಸಾರಲಿಕ್ಕೆ ಕೋರ್ಟಿನ ಹುಕುಮೂ ಬೇಕಾಗಿಲ್ಲ.

ಈ ತೀರ್ಪು ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುವದೂ ಇಲ್ಲ. ಸ್ಥಿತಿವಂತರ ಮನೆಯ ಹುಡುಗನಿಗೆ ಮೂವತ್ತು ಅಂಕ ಬಂದರೆ “ಹುಡುಗ ಚುರುಕು, ಲಕ್ಷ್ಯ ಸಾಲದು” ಎನ್ನುತ್ತೇವೆ. ಕೇರಿಯ ಹುಡುಗನಿಗೆ ಅವೇ ಮೂವತ್ತು ಬಂದರೆ “ಕುಲಕ್ಕೆ ತಕ್ಕ ಬುದ್ಧಿ” ಎಂದು ಕಣ್ಣಿನಿಂದಲಾದರೂ ಅಂದುಬಿಡುತ್ತೇವೆ. ಗಂಡು ಮಗನು ಸೋತರೆ ಟ್ಯೂಷನ್ನಿಗೆ ಹಚ್ಚುತ್ತೇವೆ. ಹೆಣ್ಣು ಮಗಳು ಸೋತರೆ ವರನನ್ನು ಹುಡುಕುತ್ತೇವೆ. ಉತ್ತರಪತ್ರಿಕೆಯ ಮೇಲೆ ಇದ್ದುದು ಒಂದೇ ಅಂಕಿ. ಅದರ ಅರ್ಥವನ್ನು ನಾಲ್ಕು ಬಗೆಯಾಗಿ ಬರೆದವರು ನಾವು.

ಆ ಅಂಕಿಗಾದರೂ ಎಷ್ಟರ ಗಟ್ಟಿತನವಿದೆ? 2023ರಲ್ಲಿ ಈ ಪರೀಕ್ಷೆಯಲ್ಲಿ ರಾಜ್ಯದ ಪ್ರತಿಶತ 83.89 ಮಂದಿ ತೇರ್ಗಡೆಯಾಗಿದ್ದರು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾಗಳನ್ನಿಟ್ಟು ಕಾವಲನ್ನು ಬಿಗಿಗೊಳಿಸಲಾಯಿತು; ಕೃಪಾಂಕಗಳನ್ನು ಹೆಚ್ಚಿಸಿದ ಮೇಲೂ ತೇರ್ಗಡೆಯಾದವರು ಪ್ರತಿಶತ 73.40 ಮಾತ್ರ. ಒಂದೇ ವರ್ಷದಲ್ಲಿ ಕನ್ನಡ ನಾಡಿನ ಮಕ್ಕಳ ಮಿದುಳು ಹತ್ತು ಪಾಲು ಬತ್ತಿಹೋಯಿತೆ? ಕಾವಲು ಇರಲೇಬೇಕು, ನಕಲು ನಿಲ್ಲಲೇಬೇಕು. ಅದರ ವಿಷಯದಲ್ಲಿ ನಮ್ಮ ತಕರಾರಿಲ್ಲ. ಆದರೆ ಕಾವಲಿನ ಬಿಗಿಯಿಂದಲೂ ಕೃಪಾಂಕದ ನಿಯಮದಿಂದಲೂ ಮೇಲೆ ಕೆಳಗೆ ಸರಿದಾಡುವ ಒಂದು ಗೆರೆಯ ಆಚೆಗೆ ಬಿದ್ದವನನ್ನು ಜೀವಮಾನದ ದಡ್ಡನೆಂದು ಕರೆಯಲು ಯಾವ ಆಧಾರವಿದೆ? ಸರಕಾರಕ್ಕೂ ಇದು ಹೊಳೆದಂತಿದೆ. ಅದೇ 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿಯನ್ನು ತಂದು, ಹೆಚ್ಚಿನ ಅಂಕಗಳನ್ನೇ ಉಳಿಸಿಕೊಳ್ಳುವ ಅವಕಾಶವನ್ನು ಮಕ್ಕಳಿಗೆ ಕೊಟ್ಟಿತು. ಸರಕಾರವು ತನ್ನ ಡಂಗುರದ ದನಿಯನ್ನು ಅಷ್ಟಾದರೂ ತಗ್ಗಿಸಿತು. ಊರು ತಗ್ಗಿಸಿಲ್ಲ.

ಇದರಲ್ಲಿ ನಮಗೆ ಅತ್ಯಂತ ಸೋಜಿಗವೆನಿಸುವ ಸಂಗತಿ ಇದು: ಸೋಲನ್ನು ಸರಿಯಾಗಿ ತೂಗುವ ವಿದ್ಯೆಯು ಈ ಊರುಗಳಿಗೆ ಬರುವದಿಲ್ಲವೆಂದಲ್ಲ. ನಮ್ಮ ವ್ಯಾಪಾರವೆಲ್ಲ ಆ ವಿದ್ಯೆಯ ಮೇಲೆಯೇ ನಿಂತಿದೆ. ರಾಣಿಬೆನ್ನೂರಿನ ಸೀಮೆಯು ಬೀಜೋತ್ಪಾದನೆಗೆ ಹೆಸರಾದದ್ದು. ಅಲ್ಲಿ ಬೀಜದ ಒಂದು ರಾಶಿ ಪರೀಕ್ಷೆಯಲ್ಲಿ ಬಿದ್ದುಹೋಯಿತೆಂದರೆ ಬಲ್ಲ ರೈತನು ಏನು ಮಾಡುತ್ತಾನೆ? ತೇವ ಉಳಿಯಿತೆ, ಪಕ್ಕದ ಹೊಲದ ಪರಾಗ ಬೆರೆಯಿತೆ, ಕೊಯ್ಲಿನ ಕಾಲ ತಪ್ಪಿತೆ ಎಂದು ಒಂದೊಂದಾಗಿ ಹುಡುಕುತ್ತಾನೆ. ಮರುವರ್ಷ ಅದೇ ಹೊಲದಲ್ಲಿ ಅದೇ ಕೈಗಳಿಂದ ಬಿತ್ತುತ್ತಾನೆ. ಮಗನು ನಪಾಸಾದಾಗ ಮಾತ್ರ ಅದೇ ರೈತನು ಕಾರಣವನ್ನು ಹುಡುಕುವದಿಲ್ಲ. ಮನೆತನದ ಮಾನ ಹೋಯಿತೆಂದು ಗೋಡೆಗೆ ಮುಖ ಮಾಡಿ ಮಲಗುತ್ತಾನೆ.

ಬ್ಯಾಡಗಿಯನ್ನು ನೋಡಿರಿ. 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಅಲ್ಲಿಯ ಮೆಣಸಿನಕಾಯಿಯು ಹೆಸರಾದದ್ದು ಖಾರಕ್ಕಲ್ಲ, ಕಡುಗೆಂಪು ಬಣ್ಣಕ್ಕೆ. ಗುಂಟೂರಿನ ಕಾಯಿಯ ಖಾರವನ್ನೇ ಅಳತೆಗೋಲೆಂದು ಹಿಡಿದರೆ ಬ್ಯಾಡಗಿಯ ಕಾಯಿಯು ನಪಾಸೇ ಸರಿ. ಆ ಅಳತೆಯನ್ನು ಒಪ್ಪಿಕೊಂಡು ನಮ್ಮ ಜನರು ಬ್ಯಾಡಗಿಯ ಕಾಯಿಯನ್ನು ಕಿತ್ತೆಸೆಯಲಿಲ್ಲ. ಬಣ್ಣಕ್ಕೂ ಬೆಲೆಯುಂಟೆಂದು ಜಗತ್ತಿಗೆ ತೋರಿಸಿಕೊಟ್ಟರು. ಇನ್ನು ಧಾರಣೆಯ ಮಾತು. 2024ರ ಮಾರ್ಚ್ 11ರಂದು ಬೆಲೆ ಒಮ್ಮೆಲೆ ಕುಸಿದಾಗ ಸಿಟ್ಟಿಗೆದ್ದ ರೈತರು ಬ್ಯಾಡಗಿಯ ಮಾರುಕಟ್ಟೆಯ ಕಚೇರಿಯೊಳಗೆ ನುಗ್ಗಿದರು, ವಾಹನಗಳಿಗೆ ಬೆಂಕಿಯಿಟ್ಟರು. ಆ ಬೆಂಕಿಯನ್ನು ನಾವು ಮೆಚ್ಚುವದಿಲ್ಲ. ಮೆಚ್ಚುವದು ವಕೀಲಿಗೂ ಅಹಿಂಸೆಗೂ ಒಪ್ಪುವ ಮಾತಲ್ಲ. ಆದರೂ ಅಂದು ಒಂದು ಸಂಗತಿ ಬಯಲಾಯಿತು. ಮಾಲಿಗೆ ಕಡಿಮೆ ಬೆಲೆ ಬಂದಾಗ “ನನ್ನ ಕಾಯಿ ಕೆಟ್ಟದ್ದು” ಎಂದು ಯಾರೂ ತಲೆತಗ್ಗಿಸಲಿಲ್ಲ, ತಕ್ಕಡಿಯನ್ನೇ ಪ್ರಶ್ನಿಸಿದರು. ಮಾಲಿನ ವಿಷಯದಲ್ಲಿ ತಕ್ಕಡಿಯನ್ನು ಪ್ರಶ್ನಿಸುವ ಜನರು ತಮ್ಮ ಮಕ್ಕಳ ವಿಷಯದಲ್ಲಿ, ತಮ್ಮದೇ ಜೀವದ ವಿಷಯದಲ್ಲಿ, ಏಕೆ ಬಾಯಿ ಕಟ್ಟಿ ನಿಲ್ಲುತ್ತಾರೆ?

ಹಿರಿಯರು ಹೀಗೆ ಕಲಿಸಿರಲಿಲ್ಲ. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಹೆಸರಿನೊಡನೆ ಬೆರೆತ ಕನಕನು ಯುದ್ಧದಲ್ಲಿ ಸೋತು ಗಾಯಗೊಂಡ ಮೇಲೆ ಕತ್ತಿಯನ್ನು ಕೆಳಗಿಟ್ಟು ದಾಸನಾದನೆಂದು ನಾಡು ಹೇಳುತ್ತ ಬಂದಿದೆ. ಆ ಸೋಲಿನಿಂದಲೇ ಊರು ಅವನ ಬೆಲೆ ಕಟ್ಟಿದ್ದರೆ ಕರ್ನಾಟಕಕ್ಕೆ ಕನಕದಾಸನು ದೊರೆಯುತ್ತಿರಲಿಲ್ಲ. ಅವನ ‘ರಾಮಧಾನ್ಯಚರಿತ್ರೆ’ಯ ಕಥೆಯನ್ನು ಮಾಸ್ತರರು ಮಕ್ಕಳಿಗೆ ಹೇಳಿಯೇ ಇರುವರು. ಹೆಚ್ಚು ಯಾರೆಂಬ ವಾದ ಬತ್ತಕ್ಕೂ ರಾಗಿಗೂ ಹುಟ್ಟುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಬತ್ತವು ಕೆಡುತ್ತದೆ, ರಾಗಿಯು ಉಳಿಯುತ್ತದೆ. ಸಭೆಯ ಕಣ್ಣಿಗೆ ಕೀಳೆಂದು ಕಂಡದ್ದು ಬೇರೊಂದು ಪರೀಕ್ಷೆಯಲ್ಲಿ ಮೇಲಾಯಿತು. ಯಾವ ಅಳತೆ, ಯಾರ ಅಳತೆ, ಎಷ್ಟು ಕಾಲದ ಅಳತೆ ಎಂದು ಕೇಳುವ ಧೈರ್ಯವನ್ನು ಕಾಗಿನೆಲೆಯವನು ನಮಗೆ ಕೊಟ್ಟುಹೋಗಿದ್ದಾನೆ. ನಾವು ಅವನ ಜಯಂತಿಯ ಮೆರವಣಿಗೆ ತೆಗೆದು ಆ ಧೈರ್ಯವನ್ನು ಮಾತ್ರ ಮನೆಯಲ್ಲಿ ಬಿಟ್ಟುಬರುತ್ತೇವೆ.

ಪರರ ಅಳತೆಯು ಒಂದು ಜನಾಂಗವನ್ನೇ ಹೇಗೆ ಕುಗ್ಗಿಸಬಲ್ಲದೆಂಬದಕ್ಕೂ ನಮ್ಮ ಸೀಮೆಯೇ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮುಂಬಯಿ ಸರಕಾರದ ಕೈಕೆಳಗಿದ್ದ ಧಾರವಾಡದ ಪ್ರದೇಶದಲ್ಲಿ ಕನ್ನಡ ಮಕ್ಕಳು ಮರಾಠಿಯ ಮೂಲಕ ವಿದ್ಯೆ ಕಲಿಯಬೇಕಾಗಿತ್ತು. ತಾಯಿಯ ನುಡಿಯಲ್ಲದ ನುಡಿಯಲ್ಲಿ ತಡವರಿಸಿದ ಹುಡುಗನು ತಡವರಿಸಿದ್ದು ತನ್ನ ಬುದ್ಧಿಯ ಕೊರತೆಯಿಂದೆಂದೇ ನಂಬಿಕೊಂಡಿದ್ದರೆ ಅವನ ತಪ್ಪೇನು? ಡೆಪ್ಯುಟಿ ಚನ್ನಬಸಪ್ಪನವರಂಥವರು ಹುಡುಗನನ್ನು ಬಯ್ಯಲಿಲ್ಲ. ಕನ್ನಡ ಶಾಲೆಗಳನ್ನು ತೆರೆಯಿಸಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದ್ದೂ ಈ ಮಾರ್ಗದಲ್ಲಿಯೇ. ಸೋತವನನ್ನು ನೋಡಿದಾಗ ಮೊದಲು ಪರೀಕ್ಷೆಯನ್ನು ಪರೀಕ್ಷಿಸಬೇಕೆಂಬ ಪಾಠವು ನಮ್ಮ ನುಡಿಯ ಚಳವಳಿಯ ಬೇರಿನಲ್ಲಿಯೇ ಇದೆ.

ಇನ್ನೂ ಹತ್ತಿರದ ದೃಷ್ಟಾಂತ ಬೇಕೆ? 1930ರ ದಶಕದ ಮೊದಲ ವರ್ಷಗಳಲ್ಲಿ ಸಿದ್ದಾಪುರ, ಅಂಕೋಲೆ, ನಮ್ಮ ಹಿರೇಕೆರೂರು ಈ ತಾಲೂಕುಗಳ ರೈತರು ಕರನಿರಾಕರಣೆಯ ಚಳವಳಿಯಲ್ಲಿ ತೊಡಗಿದರು. ಸರಕಾರವು ಹೊಲ ಮನೆಗಳನ್ನು ಜಪ್ತಿ ಮಾಡಿ ಲಿಲಾವಿಗೆ ಹಾಕಿತು. ಇಂದು ಬ್ಯಾಡಗಿಯ ರೈತನು ಹೆದರುವ ಗತಿಯೇ ಅಂದು ಅವರಿಗೂ ಬಂದಿತ್ತು. ಆಗ ಊರು ಏನು ಮಾಡಿತು? 1932ರಲ್ಲಿ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಹೆಣ್ಣುಮಕ್ಕಳು ಜಪ್ತಿಯ ಸೊತ್ತನ್ನು ಕೊಂಡವರ ಮನೆಯ ಮುಂದೆ ಉಪವಾಸ ಕುಳಿತರು. ನಾಚಿಕೆಯು ಕಳೆದುಕೊಂಡವನ ಹಿತ್ತಿಲಿನಿಂದ ಎದ್ದು ಕೊಂಡವನ ಬಾಗಿಲಿಗೆ ಹೋಗಿ ಕುಳಿತಿತು. ಹೊಲ ಹೋದವನ ಮಕ್ಕಳು ತಲೆಯೆತ್ತಿ ನಡೆದರು. ಮುಂದೆ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ಬಂದ ಮೇಲೆ ಜಪ್ತಿಯಾದ ಜಮೀನುಗಳು ಮರಳಿ ದೊರೆತವೆಂಬದು ನಿಜ. ಆದರೆ ಉಪವಾಸ ಕುಳಿತ ದಿನ ಅದು ಯಾರಿಗೂ ಗೊತ್ತಿರಲಿಲ್ಲ.

1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರಕಾರದ ಕಂದಾಯದ ಮೇಲೆ ದಾಳಿಯಿಟ್ಟ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಈ ಮೂವರು ಗುಂಡಿಗೆ ಬಲಿಯಾದರು. ಆ ದಿನದ ಪೊಲೀಸರ ಲೆಕ್ಕದಲ್ಲಿ ಅದು ಸೋತ ದಾಳಿ. ಹಾವೇರಿ ಸೀಮೆಯ ಯಾವ ಮನೆಯಲ್ಲಿಯೂ ಅದನ್ನು ಸೋಲೆಂದು ಬರೆದಿಟ್ಟುಕೊಂಡಿಲ್ಲ. ಏಕೀಕರಣದ ಕಥೆಯೂ ಹೀಗೆಯೇ. 1948ರಲ್ಲಿ ಧಾರ್ ಆಯೋಗವು ಭಾಷಾವಾರು ಪ್ರಾಂತಗಳು ರಾಷ್ಟ್ರದ ಹಿತಕ್ಕೆ ಒಳ್ಳೆಯವಲ್ಲವೆಂದು ತೀರ್ಪಿತ್ತಿತು. ಕನ್ನಡಿಗರು ಅದನ್ನು ತಮ್ಮ ಯೋಗ್ಯತೆಯ ಮೇಲಿನ ತೀರ್ಪೆಂದು ತಿಳಿಯದೆ, ಇನ್ನೂ ಮಾಡಬೇಕಾದ ಕೆಲಸದ ಪಟ್ಟಿಯೆಂದು ತಿಳಿದರು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಕಾಸರಗೋಡು ಕೈತಪ್ಪಿತು, ಅದಕ್ಕಾಗಿ ನಾವು ದುಃಖಿಸಿದೆವು, ನಾಚಿಕೊಳ್ಳಲಿಲ್ಲ. ನಾಡಿನ ಸೋಲನ್ನು ಹೀಗೆ ಹೊರಬಲ್ಲ ಜನರಿಗೆ ಹದಿನಾರು ವರ್ಷದ ಒಂದು ಮಗುವಿನ ಸೋಲು ಏಕೆ ಭಾರವಾಗಬೇಕು?

ಕೆಲವರು ಕೇಳುವರು: ನಾಚಿಕೆಯ ಚಾಟಿಯಿಲ್ಲದಿದ್ದರೆ ಹುಡುಗರು ಓದುವರೆ? ಈ ಪ್ರಶ್ನೆಯನ್ನು ಬೇರೆ ದೇಶದ ಪಂಡಿತರು ಪ್ರಯೋಗಕ್ಕೇ ಒಡ್ಡಿದ್ದಾರೆ. ಸ್ಟೀವನ್ ಹೈನೆ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಕೆಲಸದಲ್ಲಿ ಸೋತವರೂ ಗೆದ್ದವರೂ ಮುಂದಿನ ಕೆಲಸವನ್ನು ಎಷ್ಟು ಹೊತ್ತು ಹಿಡಿದು ಕೂರುವರೆಂದು ಅಳೆದರು. ಉತ್ತರ ಅಮೇರಿಕೆಯ ವಿದ್ಯಾರ್ಥಿಗಳಲ್ಲಿ ಸೋತವರು ಗೆದ್ದವರಿಗಿಂತ ಬೇಗ ಕೈಬಿಟ್ಟರು. ಜಪಾನಿನ ವಿದ್ಯಾರ್ಥಿಗಳಲ್ಲಿ ಸೋತವರೇ ಹೆಚ್ಚು ಹೊತ್ತು ಕುಳಿತರು. ದುಡಿಮೆಯಿಂದ ಫಲವಿದೆಯೆಂಬ ನಂಬಿಗೆಯು ಎರಡು ಸಮಾಜಗಳಲ್ಲಿ ಬೇರೆ ಬೇರೆಯಾಗಿರುವದು ಈ ಅಂತರಕ್ಕೆ ಒಂದು ಕಾರಣವೆಂದು ಅವರು ಕಂಡುಕೊಂಡರು. ಜಪಾನನ್ನು ನಾವು ಪೂಜಿಸಬೇಕಾಗಿಲ್ಲ. ಪರೀಕ್ಷೆಯ ಭಾರಕ್ಕೆ ಅಲ್ಲಿಯ ಮಕ್ಕಳೂ ನಲುಗುತ್ತಾರೆ. ಇಷ್ಟನ್ನು ಮಾತ್ರ ಕಲಿಯೋಣ: ಸೋತವನನ್ನು ಮತ್ತೆ ಪುಸ್ತಕದ ಮುಂದೆ ಕೂರಿಸುವದು “ಕೊರತೆ ಇಲ್ಲಿದೆ, ದುಡಿದರೆ ತುಂಬೀತು” ಎಂಬ ನಂಬಿಗೆ. “ನೀನೇ ಕೊರತೆ” ಎಂಬ ಮಾತು ಅವನನ್ನು ಪುಸ್ತಕದಿಂದ ಓಡಿಸುತ್ತದೆ; ಒಮ್ಮೊಮ್ಮೆ ಬದುಕಿನಿಂದಲೇ ಓಡಿಸುತ್ತದೆ. ಫಲಿತಾಂಶದ ವಾರ ವೃತ್ತಪತ್ರಗಳ ಒಳಪುಟಗಳನ್ನು ಓದುವವರಿಗೆ ನಾವು ಹೆಚ್ಚು ಹೇಳಬೇಕಾಗಿಲ್ಲ.

ಇನ್ನು ಕೆಲವರು “ಹಣೆಬರಹ” ಎನ್ನುವರು. ಅದು ಮೃದುವಾದ ಮಾತೆಂಬದನ್ನು ಬಲ್ಲೆವು; ಎಷ್ಟೋ ತಾಯಂದಿರ ಕಣ್ಣೀರನ್ನು ಅದು ಒರಸಿದೆ. ಆದರೆ ಒರಸಿದ ಕೈಯೇ ಮಗನ ಕೈಯನ್ನು ಕಟ್ಟಿಬಿಡುತ್ತದೆ. ಹಣೆಯಲ್ಲಿ ಬರೆದದ್ದಾದರೆ ಎರಡನೆಯ ಪರೀಕ್ಷೆಗೆ ಶುಲ್ಕ ತುಂಬುವದೇಕೆ? ನಾವು ಸೋಲು ಸೋಲೇ ಅಲ್ಲವೆಂದು ಹೇಳುವವರಲ್ಲ. ತಪ್ಪಿದ ಲೆಕ್ಕ ತಪ್ಪಿದ ಲೆಕ್ಕವೇ. ತೀರದ ಸಾಲ ತೀರದ ಸಾಲವೇ. ಅದನ್ನು ಪೈಸೆ ಬಿಡದೆ ಎಣಿಸಬೇಕು. ಎಣಿಸಿದ ಮೇಲೆ ಆ ಮೊತ್ತವನ್ನು ಮನುಷ್ಯನ ಹೆಸರಿನ ಮುಂದೆ ಬರೆಯದೆ ಕೆಲಸದ ಖಾತೆಗೆ ಬರೆಯಬೇಕು. ಕೆಳಗಿನ ಕೋರ್ಟಿನಲ್ಲಿ ಸೋತ ಪಕ್ಷಗಾರನಿಗೆ ಅಪೀಲಿನ ಹಕ್ಕುಂಟು. 1920ರ ಪ್ರಾಂತೀಯ ದಿವಾಳಿ ಕಾಯಿದೆಯು ಬ್ರಿಟಿಷರು ಮಾಡಿದ್ದು. ಅದು ಕೂಡ ಪ್ರಾಮಾಣಿಕನಾದ ದಿವಾಳಿಗೆ ಬಿಡುಗಡೆಯ ಬಾಗಿಲನ್ನು ತೆರೆದಿಟ್ಟಿತು. ಪರಕೀಯರ ಕಾಯಿದೆಗೆ ಇದ್ದಷ್ಟು ಕರುಣೆಯು ನಮ್ಮ ಓಣಿಗೆ ಇಲ್ಲವೆಂದರೆ ಕನ್ನಡಿಗರು ಯಾವ ಮುಖದಿಂದ ತಮ್ಮ ಸಂಸ್ಕೃತಿಯನ್ನು ಹೊಗಳಿಕೊಳ್ಳಬೇಕು?

ಆದ್ದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ. ಮಾಸ್ತರರೇ, ಫಲಿತಾಂಶದ ದಿನ ಗೆದ್ದವರ ಮನೆಗೆ ಪೇಢೆ ತಿನ್ನಲು ಹೋಗುವ ಮೊದಲು ಸೋತವರ ಮನೆಗೆ ಹೋಗಿರಿ. ಹೋಗಿ, ಯಾವ ವಿಷಯದಲ್ಲಿ ಯಾವ ಪಾಠ ತಪ್ಪಿತೆಂಬದನ್ನು ತಂದೆತಾಯಿಗಳ ಎದುರಿಗೆ ಕಾಗದದ ಮೇಲೆ ಬರೆದು, ಮುಂದಿನ ಪರೀಕ್ಷೆಯ ತಾರೀಖನ್ನೂ ಬರೆದು ಕೊಟ್ಟು ಬನ್ನಿರಿ. ಶಾಲೆಗಳನ್ನು ನಡೆಯಿಸುವ ಮಹನೀಯರೇ, ಮೊದಲ ಹತ್ತು ಮಂದಿಯ ಫ್ಲೆಕ್ಸಿಗೆ ಸುರಿಯುವ ಹಣದಿಂದ ಉಳಿದವರಿಗೆ ಒಂದು ತಿಂಗಳು ಪಾಠ ಹೇಳಿಸಿರಿ. ತಂದೆಗಳೇ, ಸೋತ ಮಗಳಿಗೆ ವರನನ್ನು ಹುಡುಕಬೇಡಿರಿ. ಮಗನಿಗೆ ಕೊಟ್ಟ ಎರಡನೆಯ ಅವಕಾಶವನ್ನು ಅವಳಿಗೂ ಕೊಡಿರಿ. ಅಡತಿ ಅಂಗಡಿಯ ಸಾವಕಾರರೇ, ಬಾಕಿಯನ್ನು ಕೇಳುವದು ನಿಮ್ಮ ಹಕ್ಕು. ನಾಲ್ಕು ಜನರ ಮುಂದೆ ಕೇಳುವದು ಹಕ್ಕಲ್ಲ. ವಕೀಲ ಬಂಧುಗಳೇ, ಪಕ್ಷಗಾರನ ದಾವೆಯೊಡನೆ ಅವನ ತಲೆಯೂ ತಗ್ಗಿದೆಯೋ ಎಂಬದನ್ನು ಒಮ್ಮೆ ನೋಡಿರಿ.

ಆ ವೃದ್ಧರ ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಡಂಗುರವನ್ನು ತಪ್ಪಿಸುವದು ನಮ್ಮ ಕೈಯಲ್ಲಿರಲಿಲ್ಲ. ಹಾಗೆಂದು ಅವರಿಗೆ ಹೇಳಿದೆವು. ಕಂತುಗಳ ಮೂಲಕ ಸಾಲ ತೀರಿಸುವ ಒಪ್ಪಂದಕ್ಕೆ ಅರ್ಜಿ ಬರೆದೆವು. ಅದರ ವಿಚಾರಣೆ ನಡೆದಿದೆ. ಅವರು ಹೊರಟು ನಿಂತಾಗ “ಯಜಮಾನ್ರ, ಮಳೀ ತಪ್ಪಿದ್ದು ನಿಮ್ಮ ತಪ್ಪಲ್ರಿ” ಎಂದೆವು. ಅವರು ಬಹಳ ಹೊತ್ತು ಸುಮ್ಮನೆ ನಿಂತು “ಈ ಮಾತ ನಮ್ಮ ಊರಾಗ ಯಾರೂ ಅನ್ನಲಿಲ್ರಿ” ಎಂದರು. ಆ ಊರಿನ ಹೆಸರನ್ನು ನಾವು ಬರೆಯುವದಿಲ್ಲ. ಈ ಸಾಲುಗಳನ್ನು ಓದುವ ಪ್ರತಿಯೊಬ್ಬರೂ ಅದು ತಮ್ಮದೇ ಊರೆಂದು ತಿಳಿಯಲಿ.